ಚಿಪ್ಪಿನ ಕೂಸಿಗೂ ಹದವಾದ ನೆಲ ಬೇಕ್ರೀ!

ಕಲಘಟಗಿ ಬಸ್ ಸ್ಟ್ಯಾಂಡಿನ ಎದುರು ಎಲೆ-ಅಡಿಕೆ ಅಂಗಡಿಯ ಮುಂದೆ ಅಂಕೋಲಾ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು ಎಲೆಗೆ ಸುಣ್ಣ ಸವರುತ್ತ ಅಂಗಡಿಯವನನ್ನು ಕೇಳಿದರು: "ಇದು ಕಲ್ಲಸುಣ್ಣೋ, ಸಿಂಪಿ ಸುಣ್ಣೋ?"

"ಅಜ್ಜಾರ, ಪಾಕೀಟಿನ್ಯಾಗ ಬಂದೈತಿ. ನನಗೇನ್ ಗೊತ್ತರೀ?" ಎಂದ ಅವ.

"ಸಿಂಪಿ ಸುಣ್ಣ ಆದ್ರ ನಾಲಿಗಿ ಸುಡೂದಿಲ್ಲೋ ತಮ್ಮಾ," ಎಂದು ಹಿರಿಯರು ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

ಮಾತು ಅಷ್ಟಕ್ಕೇ ಮುಗಿಯಿತು, ಬಸ್ಸೂ ಬಂತು. ಆದರೆ ಯಲ್ಲಾಪುರ ದಾಟಿ ಅರಬೈಲ್ ಘಾಟ ಇಳಿಯುವತನಕ ನನ್ನ ತಲೆಯಲ್ಲಿ ಆ ಸಿಂಪಿ ಸುಣ್ಣವೇ ಕುಳಿತಿತ್ತು. ಯಾಕೆಂದರೆ ನಾನು ಹೊರಟಿದ್ದು ಆ ಸಿಂಪಿಯ ಊರಿಗೇ.

ಗಟಾರ, ಬೀದಿದೀಪ, ಬಸ್ಸಿನ ವೇಳೆ ಇವನ್ನು ಬಿಟ್ಟು ಈ ಅಂಕಣ ಇವತ್ತು ಸಮುದ್ರದ ತಳಕ್ಕೆ ಯಾಕೆ ಇಳಿಯಿತು ಎಂದು ಓದುಗರು ಕೇಳಬಹುದು. ಕೇಳಲೇಬೇಕು. ನವಲಗುಂದದಲ್ಲಿ ಕುಂತು ನೋಡಿದರೆ ಸಮುದ್ರ ದೂರ. ಆದರೆ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ, ಕಲಘಟಗಿ ತಾಲೂಕಿನ ಹಳ್ಳಗಳನ್ನು ಕೂಡಿಸಿಕೊಂಡು ಬೇಡ್ತಿ ಎಂಬ ಹೆಸರು ಪಡೆದು, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಅಂಕೋಲಾ ಕಡೆ ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಹುಟ್ಟಿದ ಊರಿಂದ ಸಮುದ್ರದವರೆಗೆ ಸುಮಾರು 150 ಕಿ.ಮೀ. ದಾರಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ನೀರು ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಅಂದರೆ ನಮ್ಮದು ಎರಡು ಸಮುದ್ರಕ್ಕೆ ಉಸುಕು ಕಳಿಸುವ ಜಿಲ್ಲೆ. ಎರಡೂ ಕಡೆ ಆ ಉಸುಕಿನ ಮೇಲೆ ಜೀವ ಇಟ್ಟುಕೊಂಡ ಪ್ರಾಣಿಗಳಿವೆ.

ಕುಮಟಾ, ಅಂಕೋಲಾ ಕಡೆ ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅನ್ನುತ್ತಾರೆ. ಅಲ್ಲಿ ಸಿಹಿನೀರು, ಉಪ್ಪುನೀರು ಕೂಡುತ್ತವೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಉಸುಕಿನಿಂದ ಕಪ್ಪೆಚಿಪ್ಪು ಆರಿಸುತ್ತಾರೆ. ಅದಕ್ಕೆ ಅಲ್ಲಿಯವರು ಬಳಚು ಎನ್ನುತ್ತಾರೆ. ಕುಮಟಾದ ಅಘನಾಶಿನಿ ಅಳಿವೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಭ್ಯಾಸ ಮಾಡಿ 2008ರಲ್ಲಿ ಲೆಕ್ಕ ಕೊಟ್ಟರು. ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪು, ಬೆಲೆ ಸುಮಾರು 5.78 ಕೋಟಿ ರೂಪಾಯಿ, ನೇರವಾಗಿ ಹೊಟ್ಟೆ ಹೊರೆದುಕೊಳ್ಳುವವರು 2,300ಕ್ಕೂ ಹೆಚ್ಚು ಮಂದಿ. ಬಿತ್ತಿಲ್ಲ, ಗೊಬ್ಬರ ಹಾಕಿಲ್ಲ, ಬ್ಯಾಂಕಿನ ಸಾಲ ಇಲ್ಲ! ನಮ್ಮ ಎರಿ ಹೊಲದ ರೈತ ಕೇಳಿದರೆ ಹೊಟ್ಟೆಕಿಚ್ಚು ಪಡಬೇಕು. ಆಮೇಲಿನ ವರ್ಷಗಳಲ್ಲಿ ಮಾತ್ರ ಬಳಚು ಕಡಿಮೆಯಾಯಿತೆಂಬ ಕೂಗು ಅಲ್ಲಿನ ದಂಡೆಯಿಂದ ಎದ್ದಿದೆ.

ಯಾಕೆ ಕಡಿಮೆಯಾಗುತ್ತದೆ? ಅತಿಯಾಗಿ ಹಿಡಿದರೆ ಕಡಿಮೆಯಾಗುತ್ತದೆ, ಅದು ಯಾರಿಗಾದರೂ ತಿಳಿಯುತ್ತದೆ. ಆದರೆ ಹಿಡಿಯುವುದನ್ನು ನಿಲ್ಲಿಸಿದರೂ ಕೆಲವು ಕಡೆ ಚಿಪ್ಪು ತಿರುಗಿ ಬರುವುದಿಲ್ಲ. ಈ ಗುಟ್ಟು ನೀರಿನಲ್ಲಿಲ್ಲ, ನೀರಿನ ಕೆಳಗಿನ ನೆಲದಲ್ಲಿದೆ.

ಚಿಪ್ಪಿನ ಸಂಸಾರ ಹೀಗೆ. ಗಂಡು ಹೆಣ್ಣು ಎರಡೂ ತಮ್ಮ ಬೀಜವನ್ನು ನೀರಿಗೇ ಬಿಡುತ್ತವೆ. ಒಂದು ದೊಡ್ಡ ಸಿಂಪಿ ಲಕ್ಷಗಟ್ಟಲೆ, ಕೆಲವು ಜಾತಿಯವು ಕೋಟಿಗಟ್ಟಲೆ ಮೊಟ್ಟೆ ಇಡುತ್ತವೆ. ಹುಟ್ಟಿದ ಮರಿ ತಾಯಿಯಂತೆ ಇರುವುದಿಲ್ಲ. ಮೈಮೇಲಿನ ಕೂದಲಿನಂಥ ಎಳೆಗಳನ್ನು ಬಡಿಯುತ್ತ ಎರಡು ಮೂರು ವಾರ ನೀರಿನಲ್ಲಿ ತೇಲಾಡುತ್ತದೆ. ಆಮೇಲೆ ಅದಕ್ಕೊಂದು ಸಣ್ಣ ಕಾಲು ಮೂಡುತ್ತದೆ. ಸಣ್ಣ ರವೆಯ ಕಾಳಿನಷ್ಟು ಇರುವ ಆ ಮರಿ ತಳಕ್ಕಿಳಿದು, ಆ ಕಾಲಿನಿಂದ ನೆಲ ಮುಟ್ಟಿ ಮುಟ್ಟಿ ನೋಡುತ್ತದೆ. ಇದು ಕಲ್ಲೋ, ಉಸುಕೋ, ರಾಡಿಯೋ? ಇಲ್ಲಿ ನಮ್ಮ ಪೈಕಿಯವರು ಯಾರಾದರೂ ಇದ್ದಾರೋ? ಹಿಡಿಸದಿದ್ದರೆ ಎದ್ದು ಮತ್ತೆ ತೇಲುತ್ತದೆ. ಹೀಗೆ ಕೆಲವು ದಿನ ಮುಂದೂಡಬಹುದು, ಹೆಚ್ಚು ದಿನ ಆಗುವುದಿಲ್ಲ. ನೆಲೆ ಸಿಗದ ಮರಿ ಸಾಯುತ್ತದೆ.

ಕಲ್ಲಿಗೆ ಅಂಟುವ ಸಿಂಪಿಯ ಮರಿ ನೆಲೆ ಗೊತ್ತುಮಾಡಿಕೊಂಡರೆ ಮೈಯಿಂದ ಒಂದು ಹನಿ ಸಿಮೆಂಟಿನಂಥ ಅಂಟು ಬಿಟ್ಟು ಅಲ್ಲೇ ಕುಂತುಬಿಡುತ್ತದೆ. ಆ ಮೇಲೆ ಕಾಲೂ ಕರಗಿ ಹೋಗುತ್ತದೆ. ಒಮ್ಮೆ ಕುಂತಿತೆಂದರೆ ಕುಂತಿತು, ಸಾಯುವತನಕ ಅದೇ ಜಾಗ. ಅದಕ್ಕೆ ಎಲ್ಲಕ್ಕಿಂತ ಹಿಡಿಸುವ ಜಾಗ ಯಾವುದು ಗೊತ್ತೇ? ತನ್ನದೇ ಜಾತಿಯ ಸಿಂಪಿ, ಬದುಕಿದ್ದರೂ ಸರಿ, ಸತ್ತದ್ದಾದರೂ ಸರಿ. ಅಜ್ಜನ ಎಲುಬಿನ ಮೇಲೆ ಮೊಮ್ಮಗ ಮನೆ ಕಟ್ಟುತ್ತಾನೆ. ಬಳಚಿನ ಮರಿ ಹೀಗೆ ಅಂಟುವುದಿಲ್ಲ. ಅದು ದಾರದಂಥ ಎಳೆ ಬಿಟ್ಟು ಉಸುಕಿನ ಹರಳಿಗೋ ಚಿಪ್ಪಿನ ಚೂರಿಗೋ ಕಟ್ಟಿಕೊಂಡು ನಿಲ್ಲುತ್ತದೆ. ಹೊಳೆಯ ಸೆಳೆತಕ್ಕೆ ಕೊಚ್ಚಿ ಹೋಗದಷ್ಟು ಬಲಿತ ಮೇಲೆ ಉಸುಕಿನೊಳಗೆ ಹುಗಿದುಕೊಳ್ಳುತ್ತದೆ. ಅದಕ್ಕೆ ಹರಳು ಹರಳಾದ ಉಸುಕು ಬೇಕು, ಒಂದಿಷ್ಟು ಕೆಸರಿದ್ದರೆ ನಡೆದೀತು. ಬರೀ ರಾಡಿಯಾದರೆ ಉಸಿರು ಕಟ್ಟುತ್ತದೆ.

ಇದನ್ನು ನಮ್ಮ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಬೀಜ ಎಷ್ಟೇ ಚಲೋ ಇರಲಿ, ಹದ ತಪ್ಪಿದ ನೆಲದಲ್ಲಿ ಕೂರಿಗೆ ಹೂಡಿದರೆ ಏನಾಗುತ್ತದೆ? ಮಳೆ ಬಿದ್ದು ಮೇಲ್ಮಣ್ಣು ಗಟ್ಟಿಯಾಗಿ ಹೆಪ್ಪು ಕಟ್ಟಿದರೆ ಮೊಳಕೆ ಮೇಲೇಳುವುದಿಲ್ಲ, ಬೀಜದ ರೊಕ್ಕ ಹೋಯಿತು ಅಷ್ಟೇ. ಸಮುದ್ರದ ದಂಡೆಯಲ್ಲೂ ಕಥೆ ಅದೇ. ಕಲ್ಲಿನ ಮೇಲೆ, ಹಳೇ ಸಿಂಪಿಯ ಮೇಲೆ ಒಂದೆರಡು ಮಿಲಿಮೀಟರ್ ರಾಡಿ ಕುಂತರೆ ಸಾಕು, ಸಿಂಪಿಯ ಮರಿಗೆ ಅಲ್ಲಿ ಜಾಗ ಇಲ್ಲ. ಒಂದೆರಡು ಮಿಲಿಮೀಟರ್! ನಮ್ಮ ಅಂಗಡಿ ಕಟ್ಟೆಯ ಮೇಲೆ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಕುಂಡ್ರುವ ಧೂಳಿನಷ್ಟು.

ಜಾಗ ಇದ್ದರೂ ಸಿಗುತ್ತದೆಂಬ ಭರವಸೆ ಇಲ್ಲ. ಹುಬ್ಬಳ್ಳಿಗೆ ಹೋಗುವ ಮುಂಜಾನೆ ಬಸ್ಸಿನಲ್ಲಿ ಕಿಡಕಿಯಿಂದ ಟಾವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಅಲ್ಲಿಯೂ ಮೊದಲು ಬಂದವರದೇ ಸೀಟು. ದಕ್ಷಿಣ ಅಮೆರಿಕಾ ಕಡೆಯ ಒಂದು ಕಪ್ಪೆಚಿಪ್ಪು ಕೇರಳದ ಅಷ್ಟಮುಡಿ ಹಿನ್ನೀರಿಗೆ ಬಂದು ಸೇರಿ ಸ್ಥಳೀಯ ಚಿಪ್ಪುಗಳ ಸೀಟಿನ ಮೇಲೆ ಟಾವೆಲ್ ಹಾಕಿ ಕುಂತಿದೆ. ಹಡಗಿನ ತಳಕ್ಕೆ ಅಂಟಿಕೊಂಡೋ, ಹಡಗು ತುಂಬಿಕೊಂಡ ನೀರಿನಲ್ಲೋ ಇಂಥವು ಊರೂರು ಸುತ್ತುತ್ತವೆ. ಇದು ಬೇರೆಯೇ ತಕರಾರು, ಇವತ್ತು ಬೇಡ.

ನಮ್ಮ ಕೈಯಿಂದ ಆಗುತ್ತಿರುವುದೇನು, ಅದನ್ನು ನೋಡೋಣ. ಮೊದಲನೆಯದು ಉಸುಕು. ಅಳಿವೆಯ ಉಸುಕು ತೆಗೆದಲ್ಲಿ ಕುಣಿ ಬೀಳುತ್ತದೆ. ಹೊಳೆ ಮತ್ತೆ ಉಸುಕು ತಂದು ತುಂಬುತ್ತದೆ ಎಂದು ಗುತ್ತಿಗೆದಾರರು ಹೇಳುವುದು ಅರ್ಧ ಖರೇ. ಕುಣಿ ತುಂಬುತ್ತದೆ, ಆದರೆ ನೀರು ನಿಂತ ಕುಣಿಯಲ್ಲಿ ಮೊದಲು ಕುಂಡ್ರುವುದು ನುಣ್ಣಗಿನ ಕರೀ ರಾಡಿ. ಬಳಚು ಇದ್ದ ಮನೆಯಲ್ಲಿ ಬಳಚಿಗೆ ಜಾಗ ಇಲ್ಲದಂತಾಯಿತು. ಕರಾವಳಿ ನಿಯಂತ್ರಣ ವಲಯದ ಕಾನೂನಿನಲ್ಲಿ ಉಸುಕಿನ ಗಣಿಗಾರಿಕೆಗೆ ನಿಷೇಧವಿದೆ. ದೋಣಿ ಓಡಾಡಲು ಅಡ್ಡಿಯಾದ ಉಸುಕಿನ ದಿಬ್ಬವನ್ನು ಸಾಂಪ್ರದಾಯಿಕ ಮಂದಿ ಕೈಯಿಂದ ತೆಗೆಯಬಹುದು ಎಂದು ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಬಾಗಿಲು ಇಟ್ಟದ್ದು ಬಡವನ ಬುಟ್ಟಿಗೆ, ನುಗ್ಗುವುದು ಲಾರಿ. ಇದು ಆ ಜಿಲ್ಲೆಯ ಕಥೆ ಮಾತ್ರ ಅಲ್ಲ. ನಮ್ಮ ಹಳ್ಳಗಳಲ್ಲಿ ರಾತ್ರಿ ಹೊತ್ತು ಟ್ರ್ಯಾಕ್ಟರ್ ಇಳಿಯುವುದನ್ನು ನೋಡಿಲ್ಲದ ಊರು ಕಲಘಟಗಿ ತಾಲೂಕಿನಲ್ಲಿ ಯಾವುದಿದೆ, ಯಾರಾದರೂ ಹೇಳಲಿ. ಮೇಲಿನ ಹಳ್ಳದ ಉಸುಕೇ ವರ್ಷಾನುಗಟ್ಟಲೆ ಉರುಳುತ್ತ ಹೋಗಿ ಕೆಳಗಿನ ಅಳಿವೆಯ ಹಾಸಿಗೆ ಆಗುವುದು. ಇಲ್ಲಿ ಎತ್ತಿದ ಒಂದು ಟ್ರ್ಯಾಕ್ಟರ್ ಅಲ್ಲಿಗೆ ಮುಟ್ಟುವುದಿಲ್ಲ.

ಎರಡನೆಯದು ಆ ಅಜ್ಜಾರು ಕೇಳಿದ ಸುಣ್ಣ. ಚಿಪ್ಪನ್ನು ಭಟ್ಟಿಯಲ್ಲಿ ಸುಟ್ಟು ನೀರು ಚಿಮುಕಿಸಿದರೆ ಸುಣ್ಣ. ಗೋಡೆಗೆ, ಎಲೆಗೆ, ತಂಬಾಕಿಗೆ ಹಿಂದಿನಿಂದ ಬಳಕೆ ಇದೆ. ಈಗ ಕೋಳಿ ಆಹಾರಕ್ಕೂ ಚಿಪ್ಪಿನ ಪುಡಿ ಹೋಗುತ್ತದೆ. ತಿಂದು ಬಿಟ್ಟ ಚಿಪ್ಪು ಒಯ್ದರೆ ಹಾಳಾಗಲಿ ಎನ್ನಬಹುದಿತ್ತು. ಅಳಿವೆಯ ತಳ ಅಗೆದು ನೂರಾರು ವರ್ಷದ ಹಳೇ ಚಿಪ್ಪಿನ ಪದರನ್ನೇ ತೆಗೆದು ಸಾಗಿಸಿದ್ದಾರೆ. ತಿನ್ನುವುದು ಒಂದು ವರ್ಷದ ಫಸಲು, ಅಗೆಯುವುದು ಹೊಲವನ್ನೇ. ಅಂಗಡಿಕಾರರ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ನಾನೂ ಎಲೆ ಹಾಕುವವನೇ, ಪಾಕೀಟಿನಲ್ಲಿ ಬಂದದ್ದು ಎಲ್ಲಿಂದ ಬಂತು ಎಂದು ಅವರಿಗೆ ತಿಳಿಯುವುದು ಹೇಗೆ? ಆದರೆ ಪಾಕೀಟಿನ ಮೇಲೆ ಕಲ್ಲಿನದೋ ಚಿಪ್ಪಿನದೋ ಎಂದು ಒಂದು ಸಾಲು ಅಚ್ಚು ಮಾಡಿಸಲು ಸರಕಾರಕ್ಕೆ ಏನು ಖರ್ಚು?

ಮೂರನೆಯದು ಗುಡ್ಡದ ಮಣ್ಣು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲಿನ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದುದನ್ನು ಯಾರೂ ಮರೆತಿಲ್ಲ. ಜೀವಗಳು ಹೋದವು. ಒಂದು ಲಾರಿ ಎರಡು ತಿಂಗಳಿಗೂ ಹೆಚ್ಚು ಕಾಲ ಹೊಳೆಯ ತಳದಲ್ಲಿ ಇತ್ತು. ಗಂಗಾವಳಿ ಎಂದರೆ ನಮ್ಮ ಬೇಡ್ತಿಯೇ. ಹೊಳೆಯ ನಡುವೆ ಮಣ್ಣಿನ ದಿಬ್ಬವೇ ಎದ್ದು ನಿಂತಿತು. ಸತ್ತ ಮನುಷ್ಯರ ಲೆಕ್ಕದ ಮುಂದೆ ಚಿಪ್ಪಿನ ಲೆಕ್ಕ ತೆಗೆಯುವುದು ಸರಿಯಲ್ಲ, ಆವಾಗ ಯಾರೂ ತೆಗೆಯಲಿಲ್ಲ, ಅದು ಸರಿಯೇ. ಆದರೆ ರಸ್ತೆಗೆ ಗುಡ್ಡ ಕಡಿಯುವಾಗ ಮಳೆಗಾಲಕ್ಕೊಮ್ಮೆ ಇಳಿಯುವ ಮಣ್ಣು ಹೊಳೆಯ ತಳಕ್ಕೇ ಹೋಗುತ್ತದೆ ಎಂಬುದನ್ನು ಯೋಜನೆ ಬರೆಯುವವರು ಯಾವಾಗ ಲೆಕ್ಕಕ್ಕೆ ಹಿಡಿಯುತ್ತಾರೆ?

ಕಾನೂನು ಇಲ್ಲವೇ ಎಂದರೆ ಇದೆ. ಗೋವಾದಲ್ಲಿ ಕಿಡಕಿಗೆ ಗಾಜು ಬರುವ ಮೊದಲು ಒಂದು ಜಾತಿಯ ಚಪ್ಪಟೆ, ತೆಳು ಸಿಂಪಿಯನ್ನು ಕತ್ತರಿಸಿ ಕೂಡಿಸುತ್ತಿದ್ದರು. ಹಳೇ ಮನೆ, ಚರ್ಚುಗಳಲ್ಲಿ ಈಗಲೂ ಕಾಣಬಹುದು. ಕಿಡಕಿ ಸಿಂಪಿ ಎನ್ನೋಣ. ಹುಬ್ಬಳ್ಳಿಯಿಂದ ರೈಲು ಹೋಗಿ ಮುಟ್ಟುವ ವಾಸ್ಕೋದ ಹತ್ತಿರ ಚಿಕಲಿಂ ಎಂಬಲ್ಲಿನ ಕೊಲ್ಲಿಯಲ್ಲಿ ಅದು ಇದೆ. 2001ರಲ್ಲಿ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದರು. ಹುಲಿ ಇರುವ ಕಾಯ್ದೆಯಲ್ಲೇ ಸಿಂಪಿಯೂ ಇದೆ! ಹಿಡಿದರೆ ಅಪರಾಧ. ಈ ಸಿಂಪಿಯ ಸ್ವಭಾವ ಬೇರೆ, ಅದಕ್ಕೆ ಕಲ್ಲು ಬೇಡ, ಅದು ಮೆತ್ತಗಿನ ಕೆಸರಿನ ಮೇಲೆ ಅಡ್ಡ ಮಲಗಿ ಬದುಕುತ್ತದೆ. ಒಂದಕ್ಕೆ ವಿಷವಾದ ಕೆಸರು ಇನ್ನೊಂದಕ್ಕೆ ಹಾಸಿಗೆ. ಹಾಗಾಗಿ ಸಿಂಪಿಯನ್ನು ಕೈಯಿಂದ ಮುಟ್ಟದೆ ಅದರ ಕೆಳಗಿನ ಕೆಸರನ್ನು ಯಂತ್ರದಿಂದ ಬಾಚಿದರೆ ಅದು ಉಳಿಯುವುದೆಲ್ಲಿ? ಪ್ರಾಣಿಗೆ ಪೊಲೀಸ್ ಕಾವಲು, ಅದರ ನೆಲಕ್ಕೆ ಟೆಂಡರು. ನನ್ನ ತಕರಾರು ಇಷ್ಟೇ.

ದೂರದ ಕ್ಯಾಲಿಫೋರ್ನಿಯಾದಲ್ಲೂ ಇದೇ ಪಾಠ. ಅಲ್ಲಿನ ಬಿಳಿ ಅಬಲೋನಿ ಎಂಬ ಚಿಪ್ಪುಜೀವಿಯನ್ನು 1970ರ ದಶಕದಲ್ಲಿ ಬಾಚಿ ಬಾಚಿ ತಿಂದರು. 2001ರಲ್ಲಿ ಅಳಿವಿನಂಚಿನ ಪಟ್ಟಿಗೆ ಹಾಕಿದರು. ಬೆನ್ನೆಲುಬಿಲ್ಲದ ಸಮುದ್ರಜೀವಿಗಳಲ್ಲಿ ಅಮೆರಿಕಾದ ಆ ಪಟ್ಟಿಗೆ ಹೋದ ಮೊದಲನೆಯದು ಅದೇ. ಅಬಲೋನಿ ಜಾತಿಯ ಮರಿ ಎಲ್ಲಾ ಕಲ್ಲಿನ ಮೇಲೆ ಇಳಿಯುವುದಿಲ್ಲ. ಕಲ್ಲಿಗೆ ಗುಲಾಬಿ ಬಣ್ಣ ಬಳಿದಂತೆ ಬೆಳೆಯುವ ಒಂದು ಗಟ್ಟಿ ಪಾಚಿ ಇರುತ್ತದೆ, ಅದರ ವಾಸನೆ ಹಿಡಿದು ಅಲ್ಲೇ ಇಳಿಯುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಕರ್ನಾಟಕದ ಸಿಹಿನೀರಿನಲ್ಲೇ ಒಂದು ಅಪರೂಪದ ಚಿಪ್ಪಿದೆ. ಸಮುದ್ರದ ಸಿಂಪಿಯ ಹಾಗೆ ಹೊಳೆಯ ಬಂಡೆಗೆ ಅಂಟಿ ಕೂಡುವ ಜೀವಿ. ಹಳೇ ಮೈಸೂರು ಸಂಸ್ಥಾನದ ಹೊಳೆಯಲ್ಲಿ ಸಿಕ್ಕಿದ ಇದಕ್ಕೆ 1898ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನ ಎಡ್ಗರ್ ಸ್ಮಿತ್ ಹೆಸರು ಕೊಟ್ಟ. ಈಗ ಸ್ಯೂಡೋಮುಲ್ಲೇರಿಯಾ ಡೇಲಿ ಎನ್ನುತ್ತಾರೆ. ಬಾಯಿಗೆ ಹತ್ತುವ ಹೆಸರಲ್ಲ, ಕನ್ನಡದಲ್ಲಿ ಬಂಡೆ ಸಿಂಪಿ ಎಂದರೆ ಸಾಕು. ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ಬಂಡೆಯ ಮೇಲೆ ಹೂಳು ಕುಂತರೆ ಇದಕ್ಕೂ ಬೇರೆ ಗತಿ ಇಲ್ಲ.

ಮಾಡಿದರೆ ಆಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆ ಇದೆ. ಮೇಲೆ ಹೇಳಿದ ಅಷ್ಟಮುಡಿಯಲ್ಲಿ 1990ರ ದಶಕದ ಆರಂಭಕ್ಕೆ ಕಪ್ಪೆಚಿಪ್ಪಿನ ಇಳುವರಿ ಅರ್ಧಕ್ಕೆ ಬಿತ್ತು. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಾತು ಕೇಳಿ 1993ರಿಂದ ಡಿಸೆಂಬರ್–ಫೆಬ್ರುವರಿ ಮೂರು ತಿಂಗಳು ಹಿಡಿಯುವುದನ್ನು ನಿಲ್ಲಿಸಿದರು. ಅದು ಮರಿಯಾಗುವ ಹಂಗಾಮು. ಬಲೆಯ ಕಣ್ಣು 30 ಮಿ.ಮೀ.ಗಿಂತ ಸಣ್ಣದಿರಬಾರದು ಎಂದರು. ಮಂದಿ ಪಾಲಿಸಿದರು. 2014ರಲ್ಲಿ ಆ ಮೀನುಗಾರಿಕೆಗೆ ಜಾಗತಿಕ ಪ್ರಮಾಣಪತ್ರ ಸಿಕ್ಕಿತು, ಭಾರತಕ್ಕೆ ಅದೇ ಮೊದಲನೆಯದು. ಅಮೆರಿಕಾದ ಚೆಸಪೀಕ್ ಕೊಲ್ಲಿಯ ಸಿಂಪಿ ಹಿಂದಿನದರ ನೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಅಲ್ಲಿ ಹೋಟೆಲಿನಲ್ಲಿ ತಿಂದು ಬಿಟ್ಟ ಸಿಂಪಿಯನ್ನು ಮನೆ ಮನೆ ಹಾಲು ಕೂಡಿಸಿದ ಹಾಗೆ ಕೂಡಿಸಿ, ಒಣಗಿಸಿ, ತೊಟ್ಟಿಯಲ್ಲಿ ಮರಿ ಕೂರಿಸಿ ಮತ್ತೆ ಕೊಲ್ಲಿಗೆ ಹಾಕುತ್ತಿದ್ದಾರೆ. ಚಿಪ್ಪು ಕಸವಲ್ಲ, ಅದು ಬಿತ್ತುವ ನೆಲ ಎಂದು ಅವರಿಗೆ ತಿಳಿಯುವ ಹೊತ್ತಿಗೆ ನೂರು ವರ್ಷ ಹೋಗಿತ್ತು. ನಮ್ಮ ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿದೆ, 4,801 ಹೆಕ್ಟೇರ್. ಸಂತೋಷ. ಫಲಕ ಬರೆಸಿದರೆ ಬಳಚು ಬರುವುದಿಲ್ಲ, ಅದನ್ನೂ ಹೇಳಬೇಕಲ್ಲ.

ಇನ್ನು ನಮ್ಮ ಮಂದಿಗೆ ಸಿಟ್ಟು ಬರುವ ಮಾತು. ನಮ್ಮ ಧುರೀಣರ ಭಾಷಣದಲ್ಲಿ ಒಂದು ಸಾಲು ತಪ್ಪುವುದಿಲ್ಲ: "ಪಶ್ಚಿಮಕ್ಕೆ ಹರಿದು ಸಮುದ್ರದ ಪಾಲಾಗಿ ವ್ಯರ್ಥವಾಗುವ ನೀರು." ನೀರಿಗಾಗಿ ನವಲಗುಂದ ಎಷ್ಟು ನೊಂದಿದೆ ಎಂದು ನನಗೆ ಹೇಳಿಕೊಡಬೇಕಿಲ್ಲ. 1980ರ ಜುಲೈ 21ರ ಗೋಲಿಬಾರಿನ ನೆನಪು ಆ ಊರಿನಲ್ಲಿ ಇನ್ನೂ ಹಸಿಯಾಗಿದೆ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು, ಆ ನೀರಿಗಾಗಿ ನಮ್ಮ ರೈತರು ಹಾದಿಬೀದಿಯಲ್ಲಿ ಕುಂತದ್ದು ಎಷ್ಟು ವರ್ಷ! ಕುಡಿಯುವ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ "ವ್ಯರ್ಥ" ಎಂಬ ಶಬ್ದ ಬೇಡ. ಹೊಳೆ ನೀರನ್ನು ಮಾತ್ರ ಒಯ್ಯುವುದಿಲ್ಲ, ಉಸುಕನ್ನೂ ಒಯ್ಯುತ್ತದೆ. ಬೇಕಾದರೆ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದೆವು, ನಾಡಿಗೆ ದೀಪ ಬಂತು. ಕೆಳಗೆ ಹೊನ್ನಾವರದ ಅಳಿವೆಗೆ ಹಂಗಾಮು ನೋಡದೆ ವರ್ಷವಿಡೀ ಸಿಹಿನೀರು ಬರತೊಡಗಿ, ಉಪ್ಪಿನ ಅಳತೆ ತಪ್ಪಿ, ಉಪ್ಪು ಬೇಡುವ ಬಳಚುಗಳು ಸೋತವು. ಮೇಲಿನ ಉಸುಕು ಅಣೆಕಟ್ಟಿನ ಹಿಂದೆಯೇ ನಿಂತಿತು. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಹತ್ತಿರ ಹತ್ತಿರ ಒಂಬತ್ತು ಹತ್ತು ಜಾತಿಯ ತಿನ್ನುವ ಚಿಪ್ಪುಗಳಿವೆ. ಎರಡೂ ಹೊಳೆಗಳ ಬಾಯಿ ಒಂದೇ ಜಿಲ್ಲೆಯಲ್ಲಿವೆ, ಬಸ್ಸಿನಲ್ಲಿ ತಾಸಿನೊಳಗಿನ ದಾರಿ, ಯಾರು ಬೇಕಾದರೂ ಹೋಗಿ ನೋಡಿ ಬರಬಹುದು.

ಬೇಡ್ತಿಯ ಮೇಲೂ ಕಣ್ಣು ಬಿದ್ದದ್ದು ಇಂದು ನಿನ್ನೆ ಅಲ್ಲ. ವಿದ್ಯುತ್ ಯೋಜನೆಯೊಂದು 1980ರ ದಶಕದ ಆರಂಭದಲ್ಲಿ ಅಡಿಕೆ ತೋಟದವರ ವಿರೋಧದಿಂದ ನಿಂತಿತು. ಆಮೇಲೆ ಬೇಡ್ತಿ–ವರದಾ ಜೋಡಣೆಯ ಮಾತು ಎದ್ದಿತು. ಪರವಾಗಿ ಹೇಳುವವರು ಹಾವೇರಿ, ಗದಗ ಕಡೆಯ ಒಣ ಹೊಲ ತೋರಿಸುತ್ತಾರೆ, ವಿರೋಧಿಸುವವರು ಕಾಡು, ತೋಟ ತೋರಿಸುತ್ತಾರೆ. ಎರಡೂ ಕಡೆಯವರ ಕಾಗದದಲ್ಲಿ ಅಳಿವೆಯ ತಳಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಎಷ್ಟು ಟಿಎಂಸಿ ನೀರು ಎಂದು ಬರೆದ ಹಾಗೆ ವರ್ಷಕ್ಕೆ ಎಷ್ಟು ಉಸುಕು ಕೆಳಗೆ ಹೋಗುತ್ತದೆ, ಯೋಜನೆಯ ನಂತರ ಎಷ್ಟು ಹೋದೀತು ಎಂದೂ ಬರೆಯಲಿ. ಅಳಿವೆಯಲ್ಲಿ ಬಳಚಿನ ಮರಿ ಇಳಿಯುವ ಜಾಗಗಳನ್ನು ಅಲ್ಲಿನ ಹೆಂಗಸರನ್ನೇ ಕೇಳಿ ಗುರುತು ಹಾಕಲಿ. ಅವರಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರರಿಗೂ ಗೊತ್ತಿಲ್ಲ. ಗುರುತು ಹಾಕಿದ ಮೇಲೆ ಆ ಜಾಗದ ಉಸುಕಿಗೆ ಪರವಾನಗಿ ಕೊಡಬಾರದು, ಚಿಪ್ಪಿನ ಪದರು ಅಗೆಯಬಾರದು. ಸುಣ್ಣಕ್ಕೆ ಒಯ್ಯುವ ಚಿಪ್ಪಿನಲ್ಲಿ ಒಂದು ಪಾಲು ತಿರುಗಿ ಹೊಳೆಗೆ ಬೀಳಲಿ. ಮನೆ ಕಟ್ಟುವವರಿಗೆ ಈಗ ಎಂ-ಸ್ಯಾಂಡ್ ಇದೆ. ಗಚ್ಚಿಗೆ ಬಾರದು ಎಂಬ ಗೌಂಡಿಗಳ ಗೊಣಗಾಟ ಎಷ್ಟು ಖರೇ ಎಂದು ಲೋಕೋಪಯೋಗಿ ಇಲಾಖೆಯವರು ಮಾಡಿ ತೋರಿಸಿದರೆ ಅದೂ ನಿಂತೀತು.

ಬೇಡ್ತಿಯ ಬಗ್ಗೆ ಸಭೆ ಎಂದರೆ ಶಿರಸಿಯಲ್ಲಿ, ಯಲ್ಲಾಪುರದಲ್ಲಿ. ಹೊಳೆ ಹುಟ್ಟುವ ಜಿಲ್ಲೆಯವರು ಪೇಪರಿನಲ್ಲಿ ಓದಿ ಸುಮ್ಮನಾಗುತ್ತಾರೆ. ಮಾನ್ಯ ಶಾಸಕರು, ಜಿಲ್ಲಾಧಿಕಾರಿಗಳು ಮನಸ್ಸು ಮಾಡಿ ಒಂದು ಸಭೆಯನ್ನು ಕಲಘಟಗಿಯಲ್ಲಿ ಕರೆಯಲಿ. ಅಂಕೋಲಾ, ಕುಮಟಾ ಕಡೆಯ ಬಳಚಿನವರನ್ನೂ ಕರೆಸಲಿ, ಉಸುಕಿನ ಗುತ್ತಿಗೆದಾರರೂ ಬರಲಿ, ಎದುರಾಬದುರಾ ಕುಂತು ಮಾತಾಡಲಿ. ಮುಂಜಾನೆ ಹತ್ತಕ್ಕೇ ಸುರು ಮಾಡಿದರೆ ಚಲೋ. ಸಂಜೆ ಇಟ್ಟರೆ ಅಣ್ಣಿಗೇರಿ, ನವಲಗುಂದದ ಕಡೆಯವರಿಗೆ ತಿರುಗಿ ಹೋಗಲು ಬಸ್ಸು ಸಿಗುವುದಿಲ್ಲ.